ಅಕ್ಕ ತಂಗಿಗೆ ಉಳಿಸಿಕೊಟ್ಟ ಸಂಜೆಗಳು

ಮದುವೆ ಮನೆಗಳಲ್ಲಿ ನನ್ನನ್ನು ಯಾರಿಗಾದರೂ ಪರಿಚಯಿಸುವವರು ಒಂದು ಕ್ಷಣ ತಡವರಿಸುತ್ತಾರೆ. ಡಾಕ್ಟರು, ವಕೀಲರು, ಮೇಡಂ ಎಂದರೆ ಮುಂದಿನ ಮಾತು ತಾನಾಗಿಯೇ ಬರುತ್ತದೆ. 'ಇವರು ಟೈಮ್ ಮ್ಯಾನೇಜ್‌ಮೆಂಟ್ ಹೇಳಿಕೊಡ್ತಾರೆ' ಎಂದಾಗ ಎದುರಿಗಿದ್ದವರು ಮೊದಲು ನನ್ನ ಕೈಗಡಿಯಾರ ನೋಡುತ್ತಾರೆ. ಆಮೇಲೆ ನಗುತ್ತಾರೆ. 'ನಮ್ಮನೆಯವರಿಗೂ ಸ್ವಲ್ಪ ಹೇಳಿಕೊಡಿ' ಎನ್ನುತ್ತಾರೆ. ಇಷ್ಟು ವರ್ಷಗಳಲ್ಲಿ ಈ ಮಾತು ಒಂದಕ್ಷರವೂ ಬದಲಾಗಿಲ್ಲ.

ಈ ಕೆಲಸಕ್ಕೆ ನಾನು ಆಸೆಪಟ್ಟು ಬಂದವಳಲ್ಲ. ಒಂದು ಕಾರ್ಖಾನೆಯ ತರಬೇತಿ ವಿಭಾಗದಲ್ಲಿದ್ದೆ. ಕಾರ್ಖಾನೆಯನ್ನು ಊರಿಂದ ದೂರಕ್ಕೆ ಸಾಗಿಸಿದಾಗ ಚಾಮರಾಜಪೇಟೆಯ ಮನೆ ಬಿಟ್ಟು ಹೋಗಲು ಮನಸ್ಸಾಗದೆ ಸ್ವಯಂನಿವೃತ್ತಿ ತೆಗೆದುಕೊಂಡೆ. ಕೈಯಲ್ಲಿದ್ದ ವಿದ್ಯೆ ಒಂದೇ: ಒಂದು ಕೆಲಸ ಎಲ್ಲಿ ನಿಧಾನವಾಗುತ್ತದೆ, ಯಾಕೆ ನಿಧಾನವಾಗುತ್ತದೆ ಎಂದು ಕೂತು ನೋಡುವುದು. ಮೊದಲು ಪರಿಚಯದವರ ಕಚೇರಿಗಳು ಸಿಕ್ಕವು, ಆಮೇಲೆ ಶಾಲೆಗಳು, ನರ್ಸಿಂಗ್ ಹೋಮುಗಳು, ಕಡೆಗೆ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳು. ಅಲ್ಲಿ ಕೆಲಸ ಮಾಡುವವರು ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿಕೊಂಡು ನನ್ನ ಮಾತು ಕೇಳುತ್ತಾರೆ, ನಡುನಡುವೆ ಅದರೊಳಗೆ ಇಣುಕುತ್ತಾರೆ. ಸಮಯ ಉಳಿಸುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಉಳಿಸಿ ಏನು ಮಾಡುತ್ತೀರಿ ಎಂದು ನಾನು ಕೇಳುವುದಿಲ್ಲ. ಅದು ನನ್ನ ಕೆಲಸಕ್ಕೆ ಸೇರಿದ್ದಲ್ಲ ಎಂದೇ ನಡೆದುಕೊಂಡು ಬಂದಿದ್ದೇನೆ. ಮಲ್ಲೇಶ್ವರದ ಇಬ್ಬರು ಅಕ್ಕತಂಗಿಯರ ವಿಷಯದಲ್ಲಿ ಮಾತ್ರ ನಾನು ಕೇಳದೆಯೇ ಉತ್ತರ ಸಿಕ್ಕಿತು.

ಅದು ಮಾಘ ಮಾಸ, ಮದುವೆಗಳ ಕಾಲ. ಮಲ್ಲೇಶ್ವರದ ಒಂದು ಮಹಿಳಾ ಸಮಾಜದವರು ಮನೆಯಿಂದಲೇ ಸಣ್ಣಪುಟ್ಟ ವ್ಯಾಪಾರ ಮಾಡುವ ಹೆಂಗಸರಿಗಾಗಿ ನನ್ನಿಂದ ಒಂದು ಮಧ್ಯಾಹ್ನದ ಶಿಬಿರ ಇರಿಸಿದ್ದರು. ಹಪ್ಪಳ ಮಾಡುವವರು, ಹುಳಿಪುಡಿ ಮಾರುವವರು, ಟ್ಯೂಷನ್ ಹೇಳುವವರು ಬಂದಿದ್ದರು. ನಾನು ಮಾತು ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಒಬ್ಬರು ನಿದ್ದೆ ಹೋಗಿದ್ದರು. ನಲವತ್ತರ ಆಚೆಯ ಹೆಂಗಸು, ಸೀರೆಯ ಸೆರಗಿನ ಮೇಲೆ ಸಾಲಾಗಿ ಗುಂಡುಸೂಜಿ ಚುಚ್ಚಿಕೊಂಡಿದ್ದರು. ಎಲ್ಲರೂ ಎದ್ದು ಹೋದ ಮೇಲೆ ಎಚ್ಚರವಾಗಿ ಗಾಬರಿಯಿಂದ ನನ್ನ ಬಳಿ ಬಂದರು.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ನೀವ್ ಹೇಳಿದ್ದು ಬೋರಾಗಿ ಅಲ್ಲ. ನೆಟ್ಟಗೆ ಮಲಗಿ ವಾರ ಆಯ್ತು. ನಮ್ಮಂಗಡಿಗೆ ಒಂದ್ಸಲ ಬಂದು ನೋಡ್ತೀರಾ?"

ಇವರು ತಂಗಿ. ಅಕ್ಕ ತಂಗಿ ಇಬ್ಬರೂ ಸೇರಿ ಸಂಪಿಗೆ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ನಡೆಸುತ್ತಿದ್ದರು. ಅಂಗಡಿಯೆಂದರೆ ಅವರ ಮನೆಯ ಮುಂಭಾಗದ ಕೋಣೆ. ಅಲ್ಲಿ ಮೊದಲು ಅವರಪ್ಪ ಪ್ಯಾಂಟು ಶರಟು ಹೊಲಿಯುತ್ತಿದ್ದರಂತೆ. ಅವರು ಹೋದ ಮೇಲೆ ಹೆಣ್ಣುಮಕ್ಕಳು ಗಂಡಸರ ಬಟ್ಟೆ ಬಿಟ್ಟು ಹೆಂಗಸರದ್ದು ಹಿಡಿದರು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ತಾಯಿ ಬಹಳ ವರ್ಷ ಹಾಸಿಗೆ ಹಿಡಿದಿದ್ದರೆಂದು ಯಾವುದೋ ಮಾತಿನ ನಡುವೆ ತಿಳಿಯಿತು.

ಅಂಗಡಿಗೆ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕೂತು ನೋಡಲು ಶುರುಮಾಡಿದೆ. ನೋಡುವಾಗ ನಾನು ಏನನ್ನೂ ಹೇಳುವುದಿಲ್ಲ. ಎರಡು ದಿನ ಕಳೆದರೆ ಜನ ನನ್ನನ್ನು ಮರೆಯುತ್ತಾರೆ. ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು ಅಕ್ಕನ ಕೆಲಸ. ಮಷೀನಿನ ಮೇಲೆ ಕೂತು ಹೊಲಿಯುವುದು, ಹುಕ್ಕು ಹಾಕುವುದು, ಬಿಗಿಯಾದದ್ದನ್ನು ಸಡಿಲ ಮಾಡಿಕೊಡುವುದು, ಹೇಳಿದ ದಿನಕ್ಕೆ ಬಟ್ಟೆ ಸಿಗದೆ ರೇಗುವವರಿಂದ ಬೈಸಿಕೊಳ್ಳುವುದು ತಂಗಿಯ ಕೆಲಸ. ಅಕ್ಕನಿಗೆ ಯಾರೂ ಬೈಯುತ್ತಿರಲಿಲ್ಲ. ಬೈಯಲು ಬಂದವರೂ ಅಕ್ಕನ ಎದುರು ಕೂತು ಮಗಳ ಸಂಸಾರ, ಸೊಸೆಯ ನಾಲಗೆ, ಮಂಡಿನೋವು ಎಲ್ಲವನ್ನೂ ಹೇಳಿಕೊಂಡು ಹೋಗುತ್ತಿದ್ದರು. ಒಂದು ರವಿಕೆಯ ಅಳತೆಗೆ ಬೆಳಗ್ಗೆ ಬಂದವರು ಕುಕ್ಕರ್ ಕೂಗುವ ಹೊತ್ತಿನವರೆಗೆ ಕೂರುವರು. ಅಕ್ಕ ಟೇಪನ್ನು ಕೊರಳಿಗೆ ಹಾಕಿಕೊಂಡು ಕೇಳುವರು. ಜನ ಖಾಲಿಯಾದ ಮೇಲೆ, ಸಂಜೆ ದೀಪ ಹಾಕಿಕೊಂಡು, ಕತ್ತರಿ ಎತ್ತಿಕೊಳ್ಳುವರು. ಆಗ ಕತ್ತರಿಸಿದ್ದು ತಂಗಿಯ ಮಷೀನಿಗೆ ಬರುವಾಗ ತಂಗಿ ಮಲಗಬೇಕಾದ ಹೊತ್ತು.

ಅಂಗಡಿಯ ತೊಂದರೆ ಇಷ್ಟೇ. ಅದನ್ನು ಹೇಳಿದಾಗ ಅಕ್ಕ ಮುಖ ಚಿಕ್ಕದು ಮಾಡಿಕೊಂಡರು.

"ಬಂದೋರನ್ನ ಎದ್ದೋಗಿ ಅನ್ನೋಕಾಗುತ್ತಾ ಮೇಡಂ?"

"ಎದ್ದು ಹೋಗಿ ಅನ್ನೋದು ಬೇಡ. ಅಳತೆ ಬೆಳಗ್ಗೆ ಮಾತ್ರ, ಫೋನ್ ಮಾಡಿ ಬರ್ಬೇಕು ಅನ್ನಿ. ಮಧ್ಯಾಹ್ನ ಕಟಿಂಗು. ಸಂಜೆ ದೀಪ ಹಚ್ಚೋ ಹೊತ್ತಿಗೆ ಬಾಗಿಲು."

"ಸಂಜೆ ಬಾಗಿಲು ಹಾಕ್ಕೊಂಡು ಏನ್ ಮಾಡೋದು?"

ಈ ಪ್ರಶ್ನೆಯನ್ನು ಅಕ್ಕ ನಿಜವಾಗಿಯೇ ಕೇಳಿದ್ದರು. ತಂಗಿ ಮಷೀನಿನಿಂದಲೇ ಕೂಗಿದರು: "ಮಲಗೋದು ಕಣೇ! ಮನುಷ್ಯರ ಥರ ಮಲಗೋದು!"

ಮೊದಲ ತಿಂಗಳು ಕಷ್ಟವಾಯಿತು. ಹಳೆಯ ಗಿರಾಕಿಗಳಲ್ಲಿ ಕೆಲವರು ಕೋಪಿಸಿಕೊಂಡು ಬೇರೆ ಕಡೆ ಹೋದರು. ಒಬ್ಬರು ಮುಚ್ಚಿದ ಬಾಗಿಲ ಮುಂದೆ ನಿಂತು, ಒಳಗೆ ದೀಪ ಉರಿಯುತ್ತಿರುವುದನ್ನು ನೋಡಿಕೊಂಡು, ಅಕ್ಕಾ ಅಕ್ಕಾ ಎಂದು ಕರೆಯುತ್ತಲೇ ಇದ್ದರಂತೆ. ಅಕ್ಕ ಎದ್ದು ಹೋಗದ ಹಾಗೆ ತಂಗಿ ಕೈ ಹಿಡಿದುಕೊಂಡು ಕೂತಿದ್ದರಂತೆ. ಯುಗಾದಿಯ ಹೊತ್ತಿಗೆ ಅಂಗಡಿ ಹದಕ್ಕೆ ಬಂತು. ಹೇಳಿದ ದಿನಕ್ಕೆ ಬಟ್ಟೆ ಕೊಡತೊಡಗಿದರು. ಹೋದವರಲ್ಲಿ ಅರ್ಧ ಜನ ವಾಪಸು ಬಂದರು. ತಂಗಿಯ ಕಣ್ಣ ಕೆಳಗಿನ ಕಪ್ಪು ಹೋಯಿತು.

ಇಂಥ ಕೆಲಸ ಮುಗಿದ ಮೇಲೆ ಎಲ್ಲರಿಗೂ ಹೇಳುವ ಒಂದು ಮಾತನ್ನು ಅವರಿಗೂ ಹೇಳಿದೆ: 'ಟೈಮ್ ಇಲ್ಲ ಅಂತ ಬಹಳ ದಿನದಿಂದ ಮುಂದಕ್ಕೆ ಹಾಕಿದ್ದು ಏನಾದರೂ ಇದ್ದರೆ, ಮೊದಲು ಅದನ್ನ ಮಾಡಿ.' ತಂಗಿ ಹಲ್ಲಿನ ಡಾಕ್ಟರಿಗೆ ತೋರಿಸಿಕೊಂಡು ಬಂದರು. ಅಕ್ಕ ಕನ್ನಡಕ ಮಾಡಿಸಲು ಚಿಕ್ಕಪೇಟೆಗೆ ಹೋದರು.

ಅಲ್ಲಿಯವರೆಗೂ ಅಕ್ಕ ಪಕ್ಕದ ಮನೆಯವರೊಬ್ಬರು ಬಿಟ್ಟುಹೋದ ಹಳೆಯ ಕನ್ನಡಕದಲ್ಲೇ ಬಟ್ಟೆ ಕತ್ತರಿಸುತ್ತಿದ್ದರು. ಮಲ್ಲೇಶ್ವರದಲ್ಲಿ ಅಂಗಡಿಗಳಿಲ್ಲವೆಂದಲ್ಲ. ಲೈನಿಂಗ್ ಬಟ್ಟೆ ತರಲು ಹೇಗೂ ಚಿಕ್ಕಪೇಟೆಗೆ ಹೋಗಬೇಕಿತ್ತು, ಮೆಟ್ರೊ ಹತ್ತಿದರೆ ಅಲ್ಲಿಗೇ ಇಳಿಯಬಹುದು. ಸಗಟು ಬಟ್ಟೆ ಅಂಗಡಿಗಳ ಸಾಲಿನಲ್ಲಿ ಎರಡು ಮಳಿಗೆಗಳ ನಡುವೆ ಸಿಕ್ಕಿಕೊಂಡ ಹಾಗಿರುವ ಒಂದು ಕನ್ನಡಕದ ಅಂಗಡಿ ಅವರ ಕಣ್ಣಿಗೆ ಬಿತ್ತು. ಅಂಗಡಿ ನೋಡಿಕೊಳ್ಳುವುದು ಮಗ. ಅಪ್ಪ ಸಂಜೆ ಹೊತ್ತು ಬಂದು ಕೂರುತ್ತಿದ್ದರು. ಆ ಸಂಜೆ ಕಣ್ಣು ಪರೀಕ್ಷೆ ಮಾಡಿದ್ದು ಅಪ್ಪ. ಅರವತ್ತರ ಆಸುಪಾಸಿನ ಮನುಷ್ಯ, ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು.

ಇದೆಲ್ಲ ನನಗೆ ಅಕ್ಕನೇ ಹೇಳಿದ್ದು. ಅಕ್ಷರಗಳ ಹಲಗೆಯಲ್ಲಿ ಮೇಲಿನ ಸಾಲು ಬಿಟ್ಟು ಉಳಿದದ್ದನ್ನು ಅಕ್ಕನಿಗೆ ಓದಲಾಗದಿದ್ದಾಗ ಆ ಮನುಷ್ಯ ಕೇಳಿದರಂತೆ:

"ಏನ್ ಕೆಲಸ ಮಾಡ್ತೀರಮ್ಮಾ?"

"ಟೈಲರಿಂಗು."

"ಈ ಕಣ್ಣಲ್ಲಾ?"

"ಕೈಗೆ ಗೊತ್ತಿರುತ್ತೆ."

ಕನ್ನಡಕ ಸಿದ್ಧವಾದ ದಿನ ಹೋಗಿ ತಂದರು. ಮೂಗಿನ ಮೇಲೆ ಜಾರುತ್ತದೆಂದು ಮತ್ತೊಂದು ದಿನ ಹೋದರು. ಕಿವಿಯ ಹಿಂದೆ ಒತ್ತುತ್ತದೆಂದು ಇನ್ನೊಂದು ದಿನ. ಲೈನಿಂಗ್ ಬಟ್ಟೆ ಅಂಗಡಿಯಲ್ಲಿ ಬೇಕಾದ ಬಣ್ಣ ಇರಲಿಲ್ಲವೆಂದು ಮರುದಿನ. ಆಷಾಢದಲ್ಲಿ ಮದುವೆಗಳಿಲ್ಲ, ಅಂಗಡಿಯಲ್ಲಿ ಕೆಲಸ ಕಡಿಮೆ. ಅಕ್ಕ ವಾರಕ್ಕೆರಡು ಸಂಜೆ ಮೆಟ್ರೊ ಹತ್ತುತ್ತಿದ್ದರು. ಇಬ್ಬರೂ ಕಾಫಿ ಕುಡಿಯಲು ಎಲ್ಲಿಗೆ ಹೋಗುತ್ತಿದ್ದರು, ಏನು ಮಾತಾಡುತ್ತಿದ್ದರು, ನನಗೆ ತಿಳಿಯದು. ಒಮ್ಮೆ ನಾನೇ ರವಿಕೆ ಕೊಡಲು ಹೋದಾಗ ಅಕ್ಕ ಹೊಸ ಕನ್ನಡಕದಲ್ಲಿ ನನ್ನನ್ನು ದಿಟ್ಟಿಸಿ ನೋಡಿ, "ಮೇಡಂ, ನಿಮ್ಮ ಗಲ್ಲದ ಮೇಲೆ ಮಚ್ಚೆ ಇದೆ, ಇಷ್ಟು ದಿನ ನೋಡೇ ಇರ್ಲಿಲ್ಲ" ಎಂದು ಸುಮ್ಮನೆ ನಕ್ಕರು. ಹಾಗೆ ನಕ್ಕದ್ದನ್ನು ಅದೇ ಮೊದಲು ಕಂಡದ್ದು.

ವರಮಹಾಲಕ್ಷ್ಮಿ ಹಬ್ಬ ಮುಗಿದ ವಾರ ತಂಗಿ ಚಾಮರಾಜಪೇಟೆಗೆ, ನಮ್ಮ ಮನೆಗೇ ಬಂದರು. ನನ್ನ ಗಂಡ ಬಾಗಿಲು ತೆಗೆದು, ಮುಖ ನೋಡಿ, ಕಾಫಿ ತರುವ ನೆಪದಲ್ಲಿ ಒಳಗೆ ಸರಿದರು. ತಂಗಿ ಕೂರಲಿಲ್ಲ.

"ನಿಮ್ಮಿಂದ್ಲೇ ಆಗಿದ್ದು ಮೇಡಂ. ಸಂಜೆ ಖಾಲಿ ಮಾಡ್ಸಿದ್ರಿ. ಈಗ ನೋಡಿ, ಮದುವೆ ಆಗ್ತಾಳಂತೆ."

"ಯಾರು?"

"ಇನ್ಯಾರು? ನಮ್ಮಕ್ಕ! ಐವತ್ತು ದಾಟಿದ ಮೇಲೆ! ಚಿಕ್ಕಪೇಟೆ ಕನ್ನಡಕದೋನನ್ನ!"

ಆಮೇಲೆ ಕೂತರು. ಅವರ ಜನ ಬೇರೆ, ನಮ್ಮ ಜನ ಬೇರೆ ಎಂದರು. ಗಿರಾಕಿಗಳು ಆಡಿಕೊಂಡು ನಗುತ್ತಾರೆ ಎಂದರು. ಅವರ ಮಗನಿಗೇ ಮದುವೆಯ ವಯಸ್ಸು ಎಂದರು. ಒಂದೊಂದು ಮಾತು ಮುಗಿದಾಗಲೂ ನನ್ನ ಮುಖ ನೋಡುತ್ತಿದ್ದರು. ಕಡೆಗೆ ನಿಜವಾದ ಮಾತಿಗೆ ಬಂದರು.

"ಕಟಿಂಗ್ ಮಾಡೋರ್ಯಾರು? ನಂಗೆ ಬರಲ್ಲ. ಅವಳು ಹೇಳ್ಕೊಟ್ಟೇ ಇಲ್ಲ. ಟೈಮ್ ಎಲ್ಲಿತ್ತು? ಅವಳು ಹೋದ್ರೆ ಅಂಗಡಿ ಮುಚ್ಚೋದೇ. ನೀವು ಅವಳಿಗೆ ಹೇಳಿ ಮೇಡಂ. ನಿಮ್ಮ ಮಾತು ಕೇಳ್ತಾಳೆ."

ಮದುವೆ ಬೇಡವೆಂದು ಹೇಳಲು ನನಗೆ ಯಾವ ಕಾರಣವೂ ಕಾಣಲಿಲ್ಲ. ಕಟಿಂಗ್ ಬರುವುದಿಲ್ಲ ಎನ್ನುವುದು ಮಾತ್ರ ನನ್ನ ಕೈಗೆಟಕುವ ಕೆಲಸವಾಗಿತ್ತು. ಮರುದಿನ ಅಂಗಡಿಗೆ ಹೋಗಿ ಅಕ್ಕನೊಡನೆ ಮಾತಾಡಿದೆ. ಅವರು ಒಂದು ರೇಷ್ಮೆ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು, ತಲೆ ಎತ್ತಲಿಲ್ಲ.

"ಅವಳಿಗೆ ಪೂರ್ತಿ ಕಲಿಸೋವರೆಗೂ ಎಲ್ಲಿಗೂ ಹೋಗಲ್ಲ ಅಂತ ಅವರಿಗೆ ಹೇಳಿದೀನಿ ಮೇಡಂ. ಅವರೂ ಸರಿ ಅಂದ್ರು."

"ಎಷ್ಟು ದಿನ ಬೇಕಾಗಬಹುದು?"

"ಅವಳ ಕೈ ಒಳ್ಳೇದು. ದೀಪಾವಳಿ ಹೊತ್ತಿಗೆ ಬಂದ್ಬಿಡುತ್ತೆ."

ಹಾಗೆ ಮಧ್ಯಾಹ್ನದ ಕಟಿಂಗಿನ ಹೊತ್ತಿನಲ್ಲಿ ಒಂದು ಪಾಲನ್ನು ಕಲಿಕೆಗೆ ತೆಗೆದಿಟ್ಟೆವು. ಹಳೆಯ ಬೆಡ್‌ಶೀಟುಗಳ ಮೇಲೆ ತಂಗಿ ಕತ್ತರಿಸುವುದು, ಅಕ್ಕ ಪಕ್ಕದಲ್ಲಿ ನಿಂತು ತಿದ್ದುವುದು. ನಾನು ಆಗೀಗ ಹೋಗಿ ನೋಡಿಕೊಂಡು ಬರುತ್ತಿದ್ದೆ. ದಸರಾ ಹೋಯಿತು. ದೀಪಾವಳಿ ಹೋಯಿತು. ಕತ್ತು ಬಂತು, ಬೆನ್ನು ಬಂತು, ತೋಳು ಬರಲಿಲ್ಲ. ಕಂಕುಳಿನ ತಿರುವಿಗೆ ಬರುವಾಗ ಕತ್ತರಿ ಪ್ರತಿಸಲವೂ ಒಳಕ್ಕೆ ಹೋಗುತ್ತಿತ್ತು. "ಅಯ್ಯೋ, ಮತ್ತೆ ಹೋಯ್ತು" ಎಂದು ತಂಗಿ ಬಟ್ಟೆಯನ್ನು ಬುಟ್ಟಿಗೆ ಹಾಕುವರು. ಅಕ್ಕ ಬೇಸರಿಸದೆ ಇನ್ನೊಂದು ಬೆಡ್‌ಶೀಟು ಹಾಸುವರು. ಕಾರ್ತಿಕ ಮಾಸವೂ ಮುಗಿಯಿತು.

ಕೆಲಸವನ್ನು ಮುಂದೂಡುವವರನ್ನು ನಾನು ಬಹಳ ನೋಡಿದ್ದೇನೆ. ಕೆಲವರು ಶುರುವೇ ಮಾಡುವುದಿಲ್ಲ. ಕೆಲವರು ಬೇರೆ ಹತ್ತು ಕೆಲಸ ಹಚ್ಚಿಕೊಳ್ಳುತ್ತಾರೆ. ಎದುರಿಗೇ ಕೂತು, ಶ್ರದ್ಧೆಯಿಂದ, ದಿನಾ ಅದೇ ಕೆಲಸ ಮಾಡುತ್ತಾ ಮುಂದೂಡುವವರು ಅಪರೂಪ.

ಡಿಸೆಂಬರಿನ ಒಂದು ಮಧ್ಯಾಹ್ನ ನಾನು ಹೋದಾಗ ಅಕ್ಕ ಇರಲಿಲ್ಲ, ಚಿಕ್ಕಪೇಟೆಗೆ ಹೋಗಿದ್ದರು. ಗಿರಾಕಿಯೊಬ್ಬರು ತೋಳು ಹರಿದ ರವಿಕೆ ತಂದು, ಸಂಜೆಗೆ ನಾಮಕರಣವಿದೆ, ಇದೇ ಬೇಕು ಎಂದು ಅಳುವಂತಾಗಿದ್ದರು. ತಂಗಿ ಉಳಿದಿದ್ದ ತುಂಡು ಬಟ್ಟೆಯನ್ನು ಮಡಚಿ ಹಲಗೆಯ ಮೇಲಿಟ್ಟರು. ಹಳೆಯ ತೋಳನ್ನು ಒಮ್ಮೆ ಬೆರಳಲ್ಲಿ ಸವರಿ ನೋಡಿದರು. ಸೀಮೆಸುಣ್ಣ ಮುಟ್ಟಲಿಲ್ಲ. ಕತ್ತರಿ ನೀರಿನಲ್ಲಿ ಹೋದ ಹಾಗೆ ತಿರುವಿನಲ್ಲಿ ತಿರುಗಿ ಹೊರಗೆ ಬಂತು. ಹೊಲಿದು ಕೊಟ್ಟರು, ಗಿರಾಕಿ ತೊಟ್ಟು ನೋಡಿ ಹರಸಿ ಹೋದರು. ತಂಗಿ ಆಮೇಲೆ ತಿರುಗಿ ನೋಡಿದರೆ ಸ್ಟೂಲಿನ ಮೇಲೆ ನಾನಿದ್ದೆ.

"ಚೆನ್ನಾಗಿ ಕೂತಿದೆ ತೋಳು" ಎಂದೆ.

ಅವರು ಮಷೀನಿನ ಮೇಲಿನ ದಾರದ ಚೂರುಗಳನ್ನು ಒಂದೊಂದಾಗಿ ಆರಿಸಿ ತೆಗೆದರು.

"ಯಾವಾಗಿಂದ ಬರುತ್ತೆ?"

"ಮೊದಲ ವಾರದಿಂದ್ಲೇ. ಇಷ್ಟು ವರ್ಷ ಅವಳು ಕತ್ತರಿಸಿದ್ದನ್ನೇ ಹೊಲಿದಿದೀನಿ ಮೇಡಂ. ಬರ್ದೇ ಇರುತ್ತಾ?" ಆರಿಸಿದ ಚೂರುಗಳನ್ನು ಬುಟ್ಟಿಗೆ ಹಾಕಿ ಹೇಳಿದರು: "ನಂಗೆ ಬರುತ್ತೆ ಅಂದ ದಿನ ಅವಳು ಹೋಗ್ತಾಳೆ. ಈ ಮನೇಲಿ ನಾನು ಒಂದಿನಾನೂ ಒಬ್ಳೇ ಮಲಗಿಲ್ಲ."

ನಾನು ಸ್ಟೂಲಿನಿಂದ ಎದ್ದು ನನ್ನ ಚೀಲ ಎತ್ತಿಕೊಂಡೆ.

"ಅಕ್ಕಂಗೆ ಹೇಳ್ತೀರಾ?"

"ಇಲ್ಲ. ಹೇಳೋದಿದ್ರೆ ನೀವೇ ಹೇಳ್ಬೇಕು."

ಆ ವಾರದ ಕೊನೆಗೆ ಅಕ್ಕ ಸಂಪಿಗೆ ರಸ್ತೆಯ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲ ಮೇಲೆ ಸಿಕ್ಕಿದರು. ಜೊತೆಯಲ್ಲಿ ನಡೆದು ಬರುವಾಗ ಕಲಿಕೆ ಹೇಗೆ ನಡೆದಿದೆ ಎಂದು ಸುಮ್ಮನೆ ಕೇಳಿದೆ. ಅಕ್ಕ ಹೂವಿನವಳ ಬಳಿ ನಿಂತು ಸೇವಂತಿಗೆ ಮುಟ್ಟಿ ನೋಡಿ, ಕೊಳ್ಳದೆ ಮುಂದೆ ನಡೆದರು.

"ಅವಳಿಗೆ ಬರುತ್ತೆ ಮೇಡಂ. ದೀಪಾವಳಿಗೆ ಮುಂಚೇನೇ ಗೊತ್ತಾಯ್ತು. ಬೇಕು ಬೇಕು ಅಂತ ತಪ್ಪು ಕತ್ತರಿಸೋದೂ ಸುಲಭ ಅಲ್ಲ, ಅದಕ್ಕೂ ಕೈ ಪಳಗಿರ್ಬೇಕು."

"ಮತ್ತೆ ನೀವ್ಯಾಕೆ ಸುಮ್ನಿದೀರಿ?"

"ಅವಳಾಗೇ ಹೇಳ್ಲಿ ಅಂತ. ನಾನು ಹೇಳಿದ್ರೆ ಅವಳನ್ನ ತಳ್ಳಿಬಿಟ್ಟು ಹೋದ ಹಾಗಾಗುತ್ತೆ."

"ಚಿಕ್ಕಪೇಟೆಯವರು?"

"ಕಾಯ್ತಾರೆ. ಅಂಗಡಿಯಲ್ಲಿ ಕೂತು ಕಾಯೋದೇ ಅಲ್ವಾ ಅವರ ಜೀವನ."

ಒಬ್ಬರು ಗೊತ್ತಿದ್ದೂ ಗೊತ್ತಿಲ್ಲವೆನ್ನುತ್ತಿದ್ದರು, ಇನ್ನೊಬ್ಬರು ಅದು ಗೊತ್ತಿದ್ದೂ ಕಲಿಸುತ್ತಿದ್ದರು. ಹಳೆಯ ಬೆಡ್‌ಶೀಟುಗಳು ಮಾತ್ರ ಖರ್ಚಾಗುತ್ತಿದ್ದವು. ನನ್ನ ಶಿಬಿರಗಳಲ್ಲಿ ಹೇಳುವ ಯಾವ ಉಪಾಯವೂ ಇಲ್ಲಿ ಹೊಂದುತ್ತಿರಲಿಲ್ಲ. ನಾನು ಹೋಗುವುದನ್ನೂ ಕಡಿಮೆ ಮಾಡಿದೆ.

ಸಂಕ್ರಾಂತಿ ಕಳೆದು ಮತ್ತೆ ಮಾಘ ಬಂತು. ನನ್ನ ಸಂಬಂಧಿಕರ ಮದುವೆಯೊಂದಕ್ಕೆ ಹೊಲಿಸಿದ್ದ ರವಿಕೆ ತೊಟ್ಟು ನೋಡಲು ಹೋಗಿದ್ದೆ. ಅಂಗಡಿಯಲ್ಲಿ ಇನ್ನೂ ಮೂರ್ನಾಲ್ಕು ಹೆಂಗಸರಿದ್ದರು. ಆಗ ಹೊರಗೆ ಚಪ್ಪಲಿ ಬಿಟ್ಟು ಒಬ್ಬರು ಒಳಗೆ ಬಂದರು. ಬಿಳಿ ಶರಟು, ಕೈಯಲ್ಲಿ ಹಣ್ಣಿನ ಚೀಲ. ಗಂಡಸರು ಆ ಅಂಗಡಿಗೆ ಬರುವುದಿಲ್ಲ, ಬಂದರೂ ಗೇಟಿನಿಂದಲೇ ಹೆಂಡತಿಯನ್ನು ಕರೆಯುತ್ತಾರೆ. ಅಕ್ಕ ಟೇಪನ್ನು ಕೊರಳಿಂದ ತೆಗೆದು ಕೈಗೆ ಸುತ್ತಿಕೊಂಡರು. ಬಂದವರು ಅಕ್ಕನ ಕಡೆ ನೋಡಲಿಲ್ಲ. ನೇರವಾಗಿ ತಂಗಿಯ ಮಷೀನಿನ ಮುಂದೆ ಹೋಗಿ ನಿಂತರು.

"ನಾನು ಯಾರು ಅಂತ ನಿಮಗೆ ಗೊತ್ತಿರುತ್ತೆ."

ತಂಗಿ ಎದ್ದು ನಿಂತರು.

"ಈ ಮನೇಲಿ ಹಿರಿಯರು ಅಂತ ಯಾರೂ ಉಳಿದಿಲ್ಲ ಅಂದ್ರು. ಕೇಳೋದಾದ್ರೆ ನಿಮ್ಮನ್ನೇ ಕೇಳ್ಬೇಕು. ಇದನ್ನ ಮೊದಲೇ ಬಂದು ಕೇಳ್ಬೇಕಾಗಿತ್ತು, ನಂಗೆ ಧೈರ್ಯ ಸಾಲ್ಲಿಲ್ಲ. ನಿಮ್ಮಕ್ಕನ್ನ ನಮ್ಮನೆಗೆ ಕಳಿಸಿಕೊಡ್ತೀರಾ?"

ಗಿರಾಕಿಗಳಲ್ಲಿ ಒಬ್ಬರು ಗೋಡೆಯ ಕಡೆ ತಿರುಗಿ ಕ್ಯಾಲೆಂಡರ್ ನೋಡತೊಡಗಿದರು. ನಾನು ತಂಗಿಯನ್ನು ನೋಡುತ್ತಿದ್ದೆ. ಮನೆಗೆ ಯಾವ ಬಣ್ಣ ಹೊಡೆಸುವುದು ಎನ್ನುವುದರಿಂದ ಹಿಡಿದು ಇವತ್ತು ಯಾವ ಹುಳಿ ಎನ್ನುವವರೆಗೆ ಎಲ್ಲವನ್ನೂ ಅಕ್ಕನೇ ತೀರ್ಮಾನಿಸಿದ್ದ ಮನೆ ಅದು. ಸಂಜೆ ಬಾಗಿಲು ಮುಚ್ಚುವ ವಿಷಯದಲ್ಲೂ ತಂಗಿ ಕೂಗಿದ್ದರೇ ಹೊರತು ಒಪ್ಪಿಗೆ ಕೊಟ್ಟದ್ದು ಅಕ್ಕ. ತಂಗಿಯ ಮುಖದಲ್ಲಿ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಾಗಿತ್ತು.

"ಯೋಚನೆ ಮಾಡಿ ಹೇಳ್ತೀನಿ" ಎಂದರು. ಆಮೇಲೆ, ಅದು ಸಾಲದೆನ್ನಿಸಿತೋ ಏನೋ, "ಕೂತ್ಕೊಳ್ಳಿ, ಕಾಫಿ ಮಾಡ್ತೀನಿ" ಎಂದು ಸೇರಿಸಿದರು.

ಯೋಚಿಸಲು ಒಂದು ವಾರ ತೆಗೆದುಕೊಂಡರು. ಅಷ್ಟು ದಿನ ಅಕ್ಕನೂ ಏನೂ ಕೇಳಲಿಲ್ಲವಂತೆ. ಎಂಟನೆಯ ದಿನ ಬೆಳಗ್ಗೆ ಅಕ್ಕ ಎದ್ದು ಬರುವಷ್ಟರಲ್ಲಿ ಕಟಿಂಗ್ ಹಲಗೆಯ ಮೇಲೆ ಕಡುನೀಲಿ ರೇಷ್ಮೆಯ ಒಂದು ರವಿಕೆ ಕತ್ತು, ಬೆನ್ನು, ತೋಳು ಎಲ್ಲ ಬೇರೆಬೇರೆಯಾಗಿ ಕತ್ತರಿಸಿ ಜೋಡಿಸಿಟ್ಟಿತ್ತಂತೆ. ಅಕ್ಕ ಒಂದೊಂದೇ ತುಂಡು ಎತ್ತಿ ಬೆಳಕಿಗೆ ಹಿಡಿದು ನೋಡಿದರಂತೆ.

"ನನ್ನ ಅಳತೆ ಯಾವಾಗ ತೊಗೊಂಡೆ?"

"ನಿನ್ನ ಅಳತೆಗೆ ಟೇಪ್ ಬೇರೆ ಬೇಕಾ ನಂಗೆ?"

ಇದನ್ನು ನನಗೆ ಹೇಳುವಾಗ ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಬೇಕಾದಷ್ಟು ಕೊಳೆ ಅದರಲ್ಲಿರಲಿಲ್ಲ.

ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಾಯಿತು. ನೋಟಿಸು ಹಾಕಿ ಕಾಯುವ ಅವಧಿ ಮುಗಿದ ಮೇಲೆ ಒಂದು ಬೆಳಗ್ಗೆ ಹೋದೆವು. ಸಾಕ್ಷಿಗೆ ಮೂವರು: ಅವರ ಮಗ, ತಂಗಿ, ನಾನು. ಮಗ ಒಳ್ಳೆಯ ಹುಡುಗ, ಸ್ವಲ್ಪ ನಾಚಿಕೆಯಲ್ಲಿದ್ದ. ಅಪ್ಪನ ಶರಟಿನ ಕಾಲರು ಸರಿಮಾಡಿ, ಏನು ಮಾಡಬೇಕೆಂದು ತೋಚದೆ ಮತ್ತೆ ಸರಿಮಾಡಿದ. ಸರ್ವರ್ ಇಲ್ಲವೆಂದು ಬಹಳ ಹೊತ್ತು ಬೆಂಚಿನ ಮೇಲೆ ಕೂರಿಸಿದರು. ನಮ್ಮ ಪಕ್ಕದಲ್ಲಿ ಇಪ್ಪತ್ತರ ಆಚೀಚೆಯ ಒಂದು ಜೋಡಿ ಕೂತಿತ್ತು. ಆ ಹುಡುಗಿ ಅಕ್ಕನ ರವಿಕೆಯನ್ನು ನೋಡುತ್ತಲೇ ಇದ್ದು ಕಡೆಗೆ ತಡೆಯಲಾರದೆ "ಆಂಟಿ, ಎಲ್ಲಿ ಹೊಲಿಸಿದ್ರಿ?" ಎಂದು ಕೇಳಿದಳು. ತಂಗಿ ಮುಂದೆ ಬಾಗಿ ಅಂಗಡಿಯ ವಿಳಾಸ ಹೇಳಿ, "ಫೋನ್ ಮಾಡಿ ಬನ್ನಿ, ಅಳತೆ ಬೆಳಗ್ಗೆ ಮಾತ್ರ" ಎಂದರು.

ಆಮೇಲೆ ಎಲ್ಲವೂ ಹೂವೆತ್ತಿದಷ್ಟು ಸಲೀಸಾಯಿತು ಎನ್ನಲಾರೆ. ಅಕ್ಕ ಹನುಮಂತನಗರದ ಗಂಡನ ಮನೆಗೆ ಹೋದರು. ವಾರಕ್ಕೆ ಮೂರು ಬೆಳಗ್ಗೆ ಮಲ್ಲೇಶ್ವರಕ್ಕೆ ಬಂದು ಅಳತೆ ತೆಗೆಯುವುದು, ಉಳಿದ ದಿನ ತಂಗಿಯೇ ನೋಡಿಕೊಳ್ಳುವುದು ಎಂದು ಗೊತ್ತುಮಾಡಿಕೊಂಡರು. ಅಕ್ಕನ ಎದುರು ಕೂತು ಮನಸ್ಸು ಹಗುರ ಮಾಡಿಕೊಳ್ಳಲೆಂದೇ ಬರುತ್ತಿದ್ದ ಕೆಲವರು ಬರುವುದನ್ನು ಬಿಟ್ಟರು. ತಂಗಿ ಮೊದಲ ವಾರಗಳಲ್ಲಿ ಟೀವಿ ಹಾಕಿಕೊಂಡೇ ಮಲಗುತ್ತಿದ್ದರು. ಹಿಂದಿನ ಕೋಣೆಯನ್ನು ನರ್ಸಿಂಗ್ ಓದುವ ಇಬ್ಬರು ಹುಡುಗಿಯರಿಗೆ ಕೊಟ್ಟ ಮೇಲೆ ಟೀವಿ ನಿಂತಿತು. ಆ ಹುಡುಗಿಯರ ಮೇಲೆ ದಿನಾ ಒಂದು ದೂರು ಇರುತ್ತಿತ್ತು. ದೂರು ಹೇಳುವಾಗ ಮುಖ ಗೆಲುವಾಗಿರುತ್ತಿತ್ತು. ಅಕ್ಕನಿಗೂ ಅಲ್ಲಿ ಹೊಂದಿಕೊಳ್ಳಲು ಸಮಯ ಹಿಡಿಯಿತು. ಅಡುಗೆಮನೆಯ ಡಬ್ಬಗಳ ಮೇಲೆ ಇನ್ನೂ ತೀರಿಹೋದ ಮೊದಲ ಹೆಂಡತಿಯ ಕೈಬರಹವಿತ್ತಂತೆ. ಅದನ್ನು ತೆಗೆಯಲು ಅಕ್ಕ ಒಪ್ಪಲಿಲ್ಲವಂತೆ.

ಭಾದ್ರಪದದಲ್ಲಿ ಗೌರಿ ಹಬ್ಬದ ಹಿಂದಿನ ದಿನ ತಂಗಿ ಫೋನ್ ಮಾಡಿದರು. ಮದುವೆಯಾದ ಹೆಣ್ಣುಮಗಳಿಗೆ ತವರಿನಿಂದ ಬಾಗಿನದ ಮೊರ ಹೋಗಬೇಕು. ಅಪ್ಪನೋ ಅಣ್ಣನೋ ತೆಗೆದುಕೊಂಡು ಹೋಗುವುದು ವಾಡಿಕೆ.

"ನಮ್ಮಲ್ಲಿ ಗಂಡಸರು ಯಾರಿದ್ದಾರೆ ಮೇಡಂ? ಪಕ್ಕದ ಮನೆಯವರು, ಮುತ್ತೈದೆ ಜೊತೆಗಿರ್ಬೇಕು ಅಂದ್ರು. ನೀವು ಬರ್ತೀರಾ? ನಿಮಗೆ ಟೈಮ್ ಇದ್ರೆ."

ನನಗೆ ಸಮಯವಿತ್ತು. ಹಬ್ಬದ ಬೆಳಗ್ಗೆ ಚಿಕ್ಕಪೇಟೆ ಸ್ಟೇಷನ್ನಿನಲ್ಲಿ ಹತ್ತಿಕೊಂಡೆ. ತಂಗಿ ಮೊದಲೇ ಮೆಟ್ರೊದಲ್ಲಿ ಕೂತಿದ್ದರು, ಹೊಸ ಸೀರೆ, ಮಡಿಲಲ್ಲಿ ಅರಿಶಿನ ಬಳಿದ ಜೋಡಿ ಮೊರ. ಸೆಕ್ಯುರಿಟಿಯವರು ಬಿಚ್ಚಿ ತೋರಿಸಿ ಎಂದರಂತೆ, ಇವರು ಒಪ್ಪಲಿಲ್ಲವಂತೆ, ಅಲ್ಲಿದ್ದ ಹೆಂಗಸೊಬ್ಬಳು ಕೈಮುಗಿದು ಒಳಗೆ ಬಿಟ್ಟಳಂತೆ. ಬಸವನಗುಡಿ ಕಡೆಯ ಸ್ಟೇಷನ್ನಿನಲ್ಲಿ ಇಳಿದು ಆಟೋ ಹಿಡಿದೆವು. ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುವವರ ನೂಕುನುಗ್ಗಲಿಗೆ ಆಟೋ ಸಿಕ್ಕಿಕೊಂಡಿತು. ತಂಗಿ ಒಂದು ಸಲವೂ ಬೇಸರಿಸಲಿಲ್ಲ. ಮೊರದ ಮೇಲೆ ಎರಡೂ ಕೈಯಿಟ್ಟುಕೊಂಡು ಹೊರಗೆ ನೋಡುತ್ತಾ ಕೂತಿದ್ದರು.

ಅಕ್ಕ ಗೇಟಿನ ಹತ್ತಿರವೇ ನಿಂತಿದ್ದರು. ತಂಗಿ ಇಳಿದವರೇ ಮೊರವನ್ನು ನನ್ನ ಕೈಗೆ ಕೊಡದೆ ತಾವೇ ಎತ್ತಿ ಹಿಡಿದುಕೊಂಡು, ಹೊಸಬರ ಮನೆಗೆ ಬಂದವರ ಹಾಗೆ, "ತವರಿಂದ ಬಂದಿದೀನಿ" ಎಂದರು.

ಅಕ್ಕ ಕಾಲಿಗೆ ನೀರು ಕೊಟ್ಟರು.

ಪೂಜೆಯಾಯಿತು. ಊಟಕ್ಕೆ ಕೂತಾಗ ನನಗೆ ಬಡಿಸಲು ಬಂದ ಅಕ್ಕನನ್ನು ಅವರ ಗಂಡ ತಡೆದರು. ತವರಿನವರಿಗೆ ಮೊದಲು ಎಂದು ತಾವೇ ತಂಗಿಯ ಎಲೆಗೆ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದರು. ತಂಗಿ ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಸಾಕು ಎಂದರು. ಬೀಗರ ಮನೆಗಳಲ್ಲಿ ಗಂಡಸರು ಅನ್ನುವ ಹಾಗೆಯೇ, ಸ್ವಲ್ಪ ಬಿಗಿಯಾಗಿ, ಸ್ವಲ್ಪ ಗತ್ತಿನಿಂದ. ಅಕ್ಕನ ಗಂಡ ಕೈ ಸಂದಿಯಲ್ಲೇ ಇನ್ನೊಂದು ಹೋಳಿಗೆ ಹಾಕಿದರು.